ಈಕೋ ವ್ಯಾನಿಗೊಂದು ಕಾಫಿ ಪೆಟ್ಟಿಗೆ

ಗುಡ್ಡದ ಮೇಲೆ ನಮ್ಮ ಮಾರುತಿ ಈಕೋ ವ್ಯಾನ್ ನಿಲ್ಲಿಸಿ ಫಿಲ್ಟರ್ ಕಾಫಿ ಮಾಡಲು ಹೊರಟರೆ ಎರಡು ತೊಂದರೆ ಎದುರಾಗುತ್ತವೆ. ಒಂದು, ಫಿಲ್ಟರ್ ಮಟ್ಟವಾಗಿ ನಿಲ್ಲುವುದಿಲ್ಲ. ಎರಡು, ಡಿಕಾಕ್ಷನ್ ಇಳಿದು ಮುಗಿಯುವಷ್ಟರಲ್ಲಿ ಆರಿ ಹೋಗಿರುತ್ತದೆ. ಒಲೆ, ಹಾಲು, ನೀರು, ಪುಡಿ ಎಲ್ಲ ಹೇಗೋ ಹೊಂದಿಸಿಕೊಳ್ಳಬಹುದು. ಈ ಎರಡಕ್ಕೆ ಮಾತ್ರ ಏನಾದರೂ ಕಟ್ಟಲೇಬೇಕು.

ದಾರಿಯಲ್ಲಿ ಹೋಟೆಲ್ ಇಲ್ಲವಾ ಅಂತ ಕೇಳಬಹುದು. ಇವೆ, ಹಗಲಿನಲ್ಲಿ. ನಮ್ಮ ಅಮ್ಮನಿಗೆ ಬೆಳಗ್ಗೆ ಐದೂವರೆಗೆ ಕಾಫಿ ಬೇಕು, ಎಲ್ಲಿದ್ದರೂ ಸರಿ. ಚಿಕ್ಕಮಗಳೂರಿನ ಎಸ್ಟೇಟ್ ಒಳಗೆ ಟೆಂಟ್ ಹಾಕಿದ್ದಾಗ ಆ ಹೊತ್ತಿಗೆ ಯಾವ ಹೋಟೆಲ್ ತೆರೆದಿರುತ್ತದೆ? ಸುತ್ತ ಗಿಡದ ತುಂಬಾ ಕಾಫಿ ಹಣ್ಣು, ಕುಡಿಯಲು ಮಾತ್ರ ಇನ್‌ಸ್ಟಂಟ್ ಪುಡಿ. ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಪರವಾಗಿಲ್ಲ ಬಿಡು, ಬಿಸಿಯಾಗಿದೆ" ಅಂದರು. ಅಷ್ಟು ಸಾಕಾಯಿತು.

ಪೆಟ್ಟಿಗೆಗೆ ಕೈ ಹಾಕುವ ಮೊದಲು ಬೇರೆ ದಾರಿಗಳನ್ನೂ ನೋಡಿದೆ.

ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಚುಚ್ಚುವ ಕೆಟಲ್ ಮೊದಲು ಬಿಟ್ಟೆ. ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪ್. ಅಂದರೆ 120ರಿಂದ 180 ವಾಟ್, ಅಷ್ಟೇ. ಅರ್ಧ ಲೀಟರ್ ನೀರನ್ನು 25 ಡಿಗ್ರಿಯಿಂದ 95ಕ್ಕೆ ಏರಿಸಲು ಸುಮಾರು 147 ಕಿಲೋಜೂಲ್ ಬೇಕು. 120 ವಾಟಿನಲ್ಲಿ, ಒಂದು ಚೂರೂ ಬಿಸಿ ಆಚೆ ಹೋಗದಿದ್ದರೂ ಇಪ್ಪತ್ತು ನಿಮಿಷ. ಗಾಳಿಯಲ್ಲಿ ಅರ್ಧ ಗಂಟೆ ಮೀರುತ್ತದೆ. ಇನ್ವರ್ಟರ್ ಹಾಕಿ ಮನೆಯ 1500 ವಾಟ್ ಕೆಟಲ್ ಓಡಿಸೋಣ ಅಂದರೆ ಬ್ಯಾಟರಿಯಿಂದ 125 ಆಂಪಿಗೂ ಜಾಸ್ತಿ ಎಳೆಯಬೇಕು. ಕಾಫಿ ಕುಡಿದ ಮೇಲೆ ವ್ಯಾನ್ ತಳ್ಳಲು ಜನ ಹುಡುಕಬೇಕಾಗುತ್ತದೆ.

ಮೋಕಾ ಪಾಟ್ ಒಳ್ಳೆಯ ವಸ್ತು. ಇಟಲಿಯಲ್ಲಿ 1933ರಲ್ಲಿ ಬಂದದ್ದು, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಕೆಳಗಿನ ನೀರು ಕಾದು, ಹಬೆಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರಿ ಬರುತ್ತದೆ. ಗಟ್ಟಿತನದಲ್ಲಿ ನಮ್ಮ ಡಿಕಾಕ್ಷನ್ನಿಗೆ ಹತ್ತಿರದ್ದು ಇದೇ. ಬೈಕಿನಲ್ಲಿ ಒಬ್ಬರೇ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಆದರೆ ಮೂರು ಕಪ್ಪಿನ ಪಾಟ್ ಅಂದರೆ ಇಟಲಿಯವರ ಮೂರು ಪುಟ್ಟ ಕಪ್. ನಾಲ್ಕು ಜನಕ್ಕೆ ನಮ್ಮ ಲೋಟದ ಅಳತೆಯಲ್ಲಿ ಎರಡು ಸಲ ಮಾಡಬೇಕು. ಮಧ್ಯೆ ಬಿಸಿ ಅಲ್ಯೂಮಿನಿಯಂ ತಿರುಪು ಬಿಚ್ಚುವ ಕೆಲಸ ಬೇರೆ. ಕೊಳವೆಯಲ್ಲಿ ಪುಡಿ, ಬಿಸಿನೀರು ಹಾಕಿ ಕೈಯಿಂದ ಒತ್ತಿ ಇಳಿಸುವ ಏರೋಪ್ರೆಸ್ ಹಗುರ, ಒಡೆಯುವುದಿಲ್ಲ, ತೊಳೆಯುವುದೂ ಸುಲಭ. ಅದರಲ್ಲಿ ಬರುವ ಕಾಫಿ ಹಾಲಿಲ್ಲದೆ ಕುಡಿಯುವವರಿಗೆ ಚೆನ್ನ. ನಮ್ಮ ಮನೆಯಲ್ಲಿ ಅಂಥವರಿಲ್ಲ.

ಇನ್ನೊಂದು ದಾರಿ ಮಲೆನಾಡಿನದೇ: ಬಟ್ಟೆಯಲ್ಲಿ ಸೋಸಿದ ಬೆಲ್ಲದ ಕಾಫಿ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಒಲೆಯಿಂದ ಇಳಿಸಿ, ಪುಡಿ ಹಾಕಿ, ಎರಡು ಮೂರು ನಿಮಿಷ ಮುಚ್ಚಿಟ್ಟು, ತೆಳು ಹತ್ತಿ ಬಟ್ಟೆಯಲ್ಲಿ ಸೋಸುವುದು. ಫಿಲ್ಟರ್ ಬೇಡ, ಮಟ್ಟವಾದ ಜಾಗ ಬೇಡ, ಕಾಯುವುದು ಬೇಡ. ಮಳೆಯಲ್ಲಿ ನೆನೆದು ಬಂದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅಭಿಪ್ರಾಯ. ಕರಿ ಕಾಫಿಯಾಗಿಯೇ ಕುಡಿಯಬೇಕು. ಬೆಲ್ಲದ ನೀರು ಕುದಿಯುತ್ತಿರುವಾಗ ಹಾಲು ಸುರಿದರೆ ಒಡೆಯುವ ಸಂಭವ ಜಾಸ್ತಿ. ಪೆಟ್ಟಿಗೆಯಲ್ಲಿ ಒಂದು ಬಿಳಿ ಬಟ್ಟೆ, ಒಂದು ಉಂಡೆ ಬೆಲ್ಲ ಯಾವಾಗಲೂ ಇರುತ್ತವೆ. ಫಿಲ್ಟರ್ ಕೈಕೊಟ್ಟರೆ ಅದೇ ಗತಿ.

ಆದರೂ ಅಮ್ಮನಿಗೆ ಬೇಕಾದದ್ದು ಫಿಲ್ಟರ್ ಕಾಫಿ. ಹಾಗಾಗಿ ಪೆಟ್ಟಿಗೆ.

ಪೆಟ್ಟಿಗೆಯ ಅಳತೆ

ಅಳತೆ ಶುರುವಾದದ್ದು ಒಲೆಯಿಂದ. ಬ್ಯುಟೇನ್ ಡಬ್ಬಿ ಕೂರಿಸುವ ಚಪ್ಪಟೆ ಒಲೆ ನಮ್ಮದು. ಸುಮಾರು 34 ಸೆಂ.ಮೀ. ಅಗಲ, 28 ಆಳ, 10 ಎತ್ತರ. ಅದು ಮಲಗಲು ಕೆಳಗೊಂದು ಡ್ರಾಯರ್. ಮೇಲೆ ಫಿಲ್ಟರ್, ಡಬ್ಬಿಗಳು, ಲೋಟಗಳು. ಒಟ್ಟು ಒಳ ಅಳತೆ 60 ಅಗಲ, 36 ಆಳ, 45 ಎತ್ತರ. ಕೆಳಗಿನ ಖಾನೆಗೆ 12 ಸೆಂ.ಮೀ., ಮಿಕ್ಕದ್ದು ಮೇಲಕ್ಕೆ.

ಪ್ಲೈವುಡ್ 12 ಎಂ.ಎಂ., ನೀರು ತಡೆಯುವ ದರ್ಜೆಯದು. ಅಂಗಡಿಯಲ್ಲಿ ಬಿಡಬ್ಲ್ಯೂಪಿ ಅನ್ನುತ್ತಾರೆ, ಶೀಟಿನ ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತದೆ. ಅಗ್ಗದ ಎಂಆರ್ ದರ್ಜೆಯದು ತೇವ ಸ್ವಲ್ಪ ತಡೆಯುತ್ತದೆ, ಅಷ್ಟೇ. ಮಲೆನಾಡಿನ ಮಳೆಗಾಲ, ಜೊತೆಗೆ ದಿನಾ ಹಬೆ, ಚೆಲ್ಲಿದ ಹಾಲು ಅಂದರೆ ಅಂಚು ಉಬ್ಬಿ ಪದರ ಬಿಡುತ್ತದೆ. ಹಿಂಭಾಗಕ್ಕೆ ಮತ್ತು ಒಳಗಿನ ಅಡ್ಡಗೋಡೆಗೆ 6 ಎಂ.ಎಂ. ಸಾಕು. ತೂಕ ಉಳಿಯುತ್ತದೆ. ಖಾಲಿ ಪೆಟ್ಟಿಗೆಯೇ ಹತ್ತು ಕೆಜಿ ಹತ್ತಿರ ತೂಗುತ್ತದೆ. ಸಾಮಾನು ತುಂಬಿದ ಮೇಲೆ ಇಬ್ಬರು ಹಿಡಿದರೆ ಎತ್ತಬಹುದು. ಒಬ್ಬರೇ ಎತ್ತಿದರೆ ಸೊಂಟಕ್ಕೆ ಪೆಟ್ಟು.

ಕತ್ತರಿಸುವ ಕೆಲಸ ಬಡಾವಣೆಯ ಆಚಾರ್ರ ಹತ್ತಿರ ಮಾಡಿಸಿದೆ. ಅವರ ಮೂಲೆಯಲ್ಲಿ ಬಿದ್ದಿದ್ದ ವಾರ್ಡ್‌ರೋಬ್ ಕೆಲಸದ ತುಂಡುಗಳಲ್ಲೇ ಮುಕ್ಕಾಲು ಭಾಗ ಸಿಕ್ಕಿತು. ಅಳತೆ ಚೀಟಿ ನೋಡಿ, "ಏನ್ ಸಾರ್ ಇದು, ದೇವರ ಪೆಟ್ಟಿಗೇನಾ?" ಅಂದರು. ಕಾಫಿಗೆ ಅಂದೆ. "ಹಂಗಾದ್ರೆ ದೇವರ ಪೆಟ್ಟಿಗೆನೇ ಬಿಡಿ" ಅಂತ ಟೇಬಲ್ ಗರಗಸ ಆನ್ ಮಾಡಿದರು.

ಜೋಡಣೆ ಮನೆಯಲ್ಲೇ. ಅಂಚಿಗೆ ಫೆವಿಕಾಲ್, ಮೇಲೆ ಒಂದೂವರೆ ಇಂಚಿನ ಸ್ಕ್ರೂ. ಪ್ಲೈವುಡ್ಡಿನ ಅಂಚಿಗೆ ನೇರವಾಗಿ ಸ್ಕ್ರೂ ಬಿಟ್ಟರೆ ಪದರ ಸೀಳುತ್ತದೆ. ಮೊದಲು ಸಣ್ಣ ಬಿಟ್‌ನಿಂದ ತೂತು ಮಾಡಿಯೇ ಬಿಡಬೇಕು. ಬರೀ ಸ್ಕ್ರೂ ನಂಬಿದರೆ ಘಾಟಿ ರಸ್ತೆಯ ಅಲುಗಾಟಕ್ಕೆ ಸಡಿಲವಾಗುತ್ತದೆ, ಆದ್ದರಿಂದ ಒಳಮೂಲೆಗಳಿಗೆ ಅಲ್ಯೂಮಿನಿಯಂ ಆಂಗಲ್ ಕೊಟ್ಟೆ. ಅಂಚುಗಳಿಗೆ ಸ್ಯಾಂಡ್‌ಪೇಪರ್ ಹಿಡಿದು, ಒಳಗೂ ಹೊರಗೂ ವಾರ್ನಿಷ್ ಎರಡು ಕೋಟ್. ವಾಸನೆ ಹೋಗುವವರೆಗೂ ಪುಡಿ ಡಬ್ಬಿ ಒಳಗಿಡಬೇಡಿ. ಕಾಫಿ ಪುಡಿ ಸುತ್ತಲಿನ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ.

ಮುಂಬಾಗಿಲು ಮೇಲಿನಿಂದ ಕೆಳಕ್ಕೆ ಬೀಳುವಂಥದ್ದು. ಕೆಳ ಅಂಚಿಗೆ ಉದ್ದಕ್ಕೂ ಪಿಯಾನೋ ಹಿಂಜ್, ಎರಡು ಬದಿಗೆ ಸರಪಳಿ. ತೆರೆದರೆ ಅದೇ ಮೇಜು. ಅದರ ಒಳಮೈಗೆ ತೆಳು ಅಲ್ಯೂಮಿನಿಯಂ ಶೀಟ್ ಅಂಟಿಸಿ ಅಂಚಿಗೆ ರಿವೆಟ್ ಹೊಡೆದದ್ದು ಒಲೆಯ ಬಿಸಿಗಾಗಿ. ಒಲೆ ಇಟ್ಟ ಮೇಲೂ ಪಕ್ಕದಲ್ಲಿ ನಾಲ್ಕು ಲೋಟಕ್ಕೆ ಜಾಗ ಉಳಿಯುತ್ತದೆ.

ಈಕೋದ ಹಿಂಬಾಗಿಲು ಮೇಲಕ್ಕೆ ತೆರೆಯುತ್ತದಲ್ಲ, ಅದು ದೊಡ್ಡ ಅನುಕೂಲ. ಮಳೆ ಹನಿಯುತ್ತಿದ್ದರೂ ಅದರ ಕೆಳಗೆ ನಿಂತು ಕಾಫಿ ಮಾಡಬಹುದು. ಪೆಟ್ಟಿಗೆಯನ್ನು ವ್ಯಾನಿಗೆ ಬೋಲ್ಟ್ ಹಾಕಿ ಕೂರಿಸಿಲ್ಲ. ವಾಹನದ ಮೂಲ ರಚನೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ನಿರ್ಬಂಧ ಇದೆ. ಆ ತಲೆನೋವು ಯಾಕೆ ಅಂತ ಲಗೇಜ್ ಬೆಲ್ಟಿನಿಂದ ಸೀಟಿನ ಕೆಳಗಿನ ಕೊಂಡಿಗೆ ಬಿಗಿದಿದ್ದೇನೆ. ಎಸ್ಟೇಟಿನಲ್ಲಿ ಇಳಿಸಿ ಜಗಲಿ ಮೇಲೂ ಇಡಬಹುದು.

ನೇತಾಡುವ ಫಿಲ್ಟರ್

ಇಡೀ ಪೆಟ್ಟಿಗೆ ಕಟ್ಟಿದ್ದೇ ಇದಕ್ಕಾಗಿ.

ಫಿಲ್ಟರ್ ಓರೆಯಾದರೆ ಏನಾಗುತ್ತದೆ ನೋಡಿ. ಮೇಲಿನ ಪಾತ್ರೆಯಲ್ಲಿ ಪುಡಿ ಸಮನಾಗಿ ಹರಡಿ, ಕಡ್ಡಿ ಇರುವ ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ನೀರು ಹಾಕುತ್ತೇವೆ. ಮಟ್ಟವಾಗಿದ್ದರೆ ನೀರು ಎಲ್ಲ ಕಡೆಯೂ ಒಂದೇ ಸಮ ಇಳಿಯುತ್ತದೆ. ವಾಲಿದ್ದರೆ ತಗ್ಗಿನ ಕಡೆ ನೀರು ನಿಂತು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಎತ್ತರದ ಕಡೆಯ ಪುಡಿಯ ಸಾರ ಅರ್ಧಕ್ಕೇ ಉಳಿಯುತ್ತದೆ. ತಗ್ಗಿನ ಕಡೆಯದು ಅತಿಯಾಗಿ ತೊಳೆದು ಕಹಿ ಬಿಡುತ್ತದೆ. ಒಂದೇ ಡಿಕಾಕ್ಷನ್ನಿನಲ್ಲಿ ನೀರುತನವೂ ಇದೆ, ಕಹಿಯೂ ಇದೆ. ಮುಗಿದ ಮೇಲೆ ಚರಟ ನೋಡಿದರೆ ಗೊತ್ತಾಗುತ್ತದೆ. ಒಂದು ಬದಿಗೆ ಗುಳಿ ಬಿದ್ದಿರುತ್ತದೆ.

ಕಲ್ಲು, ಮಡಚಿದ ಪೇಪರ್ ಇಟ್ಟು ಮಟ್ಟ ಮಾಡಬಹುದು. ಯಾರಾದರೂ ವ್ಯಾನ್ ಹತ್ತಿದರೆ ಮತ್ತೆ ವಾಲುತ್ತದೆ. ಅದರ ಬದಲು ನೇತುಹಾಕಿದರೆ ತಾನಾಗಿಯೇ ನೆಟ್ಟಗಾಗುತ್ತದೆ. ಗಾರೆಯವರ ತೂಕದ ಗುಂಡಿನ ಹಾಗೆ.

ಮೊದಲು ಯೋಚಿಸಿದ್ದು ಒಂದು ಸ್ಟೀಲ್ ರಿಂಗು, ಮೂರು ಸರಪಳಿ, ಮೇಲೊಂದು ಕೊಂಡಿ. ವೆಲ್ಡಿಂಗ್ ಶಾಪಿನವರು ಮಾಡಿಯೂ ಕೊಟ್ಟರು. ಸರಪಳಿಗಳು ಫಿಲ್ಟರಿನ ತಲೆಯ ಮೇಲೆಯೇ ಕೂಡುವುದರಿಂದ ಮುಚ್ಚಳ ತೆಗೆಯಲು, ಒಳಗಿಟ್ಟು ತೆಗೆಯಲು ಅಡ್ಡ. ಸಿಕ್ಕ ಉತ್ತರ ಪಾತ್ರೆ ಅಂಗಡಿಯಲ್ಲೇ ಇತ್ತು: ಹಾಲು ತರಲು ಒಯ್ಯುವ, ಮೇಲೆ ಹಿಡಿ ಇರುವ ಸ್ಟೀಲ್ ಕ್ಯಾನ್. ಹಿಡಿಯನ್ನು ಪಕ್ಕಕ್ಕೆ ಮಲಗಿಸಿ ಫಿಲ್ಟರ್ ಇಳಿಸಿದರಾಯಿತು. ಆರಿಸುವಾಗ ಒಂದು ನೋಡಿಕೊಳ್ಳಿ. ಕ್ಯಾನಿನ ಕತ್ತು ಕಿರಿದಾಗಿರಬಾರದು, ಬಾಯಿಂದ ತಳದವರೆಗೆ ಒಂದೇ ಅಗಲ ಇರಬೇಕು. ನಮ್ಮದು 12 ಸೆಂ.ಮೀ. ಅಗಲ, 18 ಎತ್ತರ. ಫಿಲ್ಟರ್ 8 ಸೆಂ.ಮೀ. ಅಗಲ. ಸುತ್ತ ಎರಡು ಸೆಂ.ಮೀ. ಖಾಲಿ. ಫಿಲ್ಟರ್ ನಡುವೆಯೇ ಕೂರಲಿ ಅಂತ ತಳದಲ್ಲಿ ಸ್ಟೀಲ್ ಪಟ್ಟಿಯ ಒಂದು ಸಿಂಬೆ. ಹಾಳಾದ ಡಬ್ಬಿಯ ಅಂಚು ಕತ್ತರಿಸಿ ಬಗ್ಗಿಸಿದ್ದು.

ಪೆಟ್ಟಿಗೆಯ ಚಾವಣಿಗೆ ವಾಷರ್ ಕೊಟ್ಟು ಒಂದು ಕಣ್ಣು ಬೋಲ್ಟ್, ಅದಕ್ಕೊಂದು ಎಸ್ ಕೊಂಡಿ. ಕೊಂಡಿಯಿಂದ ಕ್ಯಾನಿನ ತಳಕ್ಕೆ ಸುಮಾರು 28 ಸೆಂ.ಮೀ. ವ್ಯಾನ್ ಹತ್ತು ಡಿಗ್ರಿ ವಾಲಿ ನಿಂತರೆ ತಳ ಐದು ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ಆ ಖಾನೆಯಲ್ಲಿ ಕ್ಯಾನಿನ ಎರಡೂ ಬದಿಗೆ ಆರಾರು ಸೆಂ.ಮೀ. ಬಿಟ್ಟಿದ್ದು. ಹತ್ತು ಡಿಗ್ರಿಗಿಂತ ಜಾಸ್ತಿ ಇಳಿಜಾರಿನಲ್ಲಿ ವ್ಯಾನ್ ನಿಲ್ಲಿಸಿ ಮಲಗಲಂತೂ ಆಗುವುದಿಲ್ಲ. ಹಿಡಿ ಸೇರುವ ಎರಡು ಕಿವಿಗಳು ಹೊಸದರಲ್ಲಿ ಬಿಗಿ ಇದ್ದವು. ಇಕ್ಕಳದಿಂದ ಸ್ವಲ್ಪ ಸಡಿಲ ಮಾಡಿದ ಮೇಲೆ ಕ್ಯಾನ್ ಸಲೀಸಾಗಿ ನೆಟ್ಟಗಾಗುತ್ತದೆ.

ವ್ಯಾನ್ ಓಡುವಾಗ ಇದನ್ನು ನೇತುಹಾಕುವುದಿಲ್ಲ. ಕೊಂಡಿ ಬಿಚ್ಚಿ, ಕೆಳಗಿಟ್ಟು, ಸುತ್ತ ಫೋಮ್ ತುಂಡು ತುರುಕುವುದು. ಓಡುತ್ತಾ ಡಿಕಾಕ್ಷನ್ ಇಳಿಸುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಅಲುಗಾಟಕ್ಕೆ ಪುಡಿ ಕೆಳಗೆ ಗಟ್ಟಿ ಕೂತು ತೂತು ಮುಚ್ಚುತ್ತದೆ. ಅದೇ ಕಾರಣಕ್ಕೆ ರಾತ್ರಿಯೇ ಪುಡಿ ತುಂಬಿದ ಫಿಲ್ಟರ್ ಇಟ್ಟುಕೊಂಡು ಚಾರ್ಮಾಡಿ ಘಾಟಿ ಇಳಿದರೆ, ಕೆಳಗೆ ಬಂದು ನೀರು ಹಾಕಿದಾಗ ಒಂದು ಹನಿ ಬೀಳಲು ಹರಸಾಹಸ.

ಬಿಸಿಯ ಲೆಕ್ಕ

ಬೆಟ್ಟದ ಮೇಲೆ ಕಾಫಿ ಸಪ್ಪೆ ಅನಿಸಿದರೆ ಜನ ಎತ್ತರವನ್ನು ದೂರುತ್ತಾರೆ. ನೀರು ಕುದಿಯುವ ಬಿಸಿ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ, ನಿಜ. ಮಂಗಳೂರಿನಲ್ಲಿ 100, ಬೆಂಗಳೂರಿನಲ್ಲಿ 97, ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲೂ 93ಕ್ಕೆ ಮೇಲೆಯೇ. ಕಾಫಿಗೆ 90ರಿಂದ 96 ಡಿಗ್ರಿ ನೀರು ಚೆನ್ನ. ಅಂದರೆ ನಮ್ಮ ರಾಜ್ಯದ ಯಾವ ಬೆಟ್ಟದಲ್ಲೂ ಎತ್ತರ ಒಂದು ನೆಪ. ಲೇಹ್‌ಗೆ ಹೋಗುವವರ ಮಾತು ಬೇರೆ. 3500 ಮೀಟರಿನಲ್ಲಿ ನೀರು 88ಕ್ಕೇ ಕುದಿಯುತ್ತದೆ. ಅಲ್ಲಿ ಪುಡಿ ಒಂದು ಚಮಚ ಜಾಸ್ತಿ ಹಾಕಬೇಕು.

ನಿಜವಾದ ಕಳ್ಳ ತಣ್ಣಗಿರುವ ಸ್ಟೀಲ್. ಲೆಕ್ಕ ಹಾಕಿ ನೋಡಿ. ಫಿಲ್ಟರ್ 250 ಗ್ರಾಂ, ಪುಡಿ 40 ಗ್ರಾಂ, ಎರಡೂ ಬೆಳಗಿನ ಚಳಿಯಲ್ಲಿ 15 ಡಿಗ್ರಿ. ಅದಕ್ಕೆ 95 ಡಿಗ್ರಿಯ 220 ಮಿ.ಲೀ. ನೀರು ಹಾಕಿದರೆ, ಎಲ್ಲ ಸೇರಿ ನಿಲ್ಲುವುದು ಸುಮಾರು 82 ಡಿಗ್ರಿಗೆ. ಗಾಳಿ ಇನ್ನೂ ಕೈ ಹಾಕುವ ಮೊದಲೇ ಹದಿಮೂರು ಡಿಗ್ರಿ ಹೋಯಿತು. ಅದೇ ಫಿಲ್ಟರನ್ನು ಬಿಸಿನೀರಿನಿಂದ 80 ಡಿಗ್ರಿಗೆ ಕಾಯಿಸಿಕೊಂಡಿದ್ದರೆ 89ರ ಹತ್ತಿರ ನಿಲ್ಲುತ್ತದೆ. ಬೇರೇನೂ ಬದಲಿಸದೆ ಏಳು ಡಿಗ್ರಿ ಲಾಭ.

ಆದ್ದರಿಂದ ನಮ್ಮ ಕ್ರಮ ಹೀಗಿದೆ. ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಕುದಿಸುವುದು. ಮೊದಲು 300 ಮಿ.ಲೀ. ನೀರನ್ನು ಫಿಲ್ಟರಿನ ಎರಡೂ ಪಾತ್ರೆಗೆ ಹಾಕಿ ಒಂದು ನಿಮಿಷ ಬಿಡುವುದು. ಮೇಲಿನದು ತೂತುಗಳಿಂದ ತಾನೇ ಇಳಿಯುತ್ತದೆ. ಆ ನೀರನ್ನು ಚೆಲ್ಲುವುದಿಲ್ಲ, ಒಂದು ಚೊಂಬಿಗೆ ಬಗ್ಗಿಸಿಡುವುದು. ಫಿಲ್ಟರ್ ಒರೆಸಿ, ಪುಡಿ ಹಾಕಿ, ಬಿಲ್ಲೆ ಇಟ್ಟು, ಮತ್ತೊಮ್ಮೆ ಕುದಿ ಬಂದ ಉಳಿದ ನೀರು ಸುರಿದು ಮುಚ್ಚಳ ಹಾಕುವುದು. ಫಿಲ್ಟರನ್ನು ಕ್ಯಾನಿನೊಳಗೆ ಇಳಿಸಿ, ಆಮೇಲೆ ಚೊಂಬಿನ ಬಿಸಿನೀರನ್ನು ಅದರ ಸುತ್ತ ಹಾಕುವುದು. ಪಾತ್ರೆ ಕಾಯಿಸಿದ ನೀರೇ ಈಗ ಡಿಕಾಕ್ಷನ್ನಿಗೆ ಹೊದಿಕೆ.

ಸುತ್ತಿನ ನೀರು ಐದು ಸೆಂ.ಮೀ. ಎತ್ತರ ಮೀರಬಾರದು. ಜಾಸ್ತಿಯಾದರೆ ಫಿಲ್ಟರಿನ ಎರಡು ಪಾತ್ರೆ ಸೇರುವ ಸಂದಿಯಿಂದ ಒಳಗೆ ನುಗ್ಗುತ್ತದೆ. ಕ್ಯಾನಿನ ಒಳಮೈಯಲ್ಲಿ ಪಂಚಿನಿಂದ ಒಂದು ಚುಕ್ಕೆ ಹೊಡೆದು ಗುರುತು ಮಾಡಿದ್ದೇನೆ. ಕ್ರಮವೂ ಮುಖ್ಯ. ಐದು ಸೆಂ.ಮೀ. ಆಳಕ್ಕೆ ಮುಳುಗಿದ ಫಿಲ್ಟರ್ ಸುಮಾರು 250 ಮಿ.ಲೀ. ನೀರು ಸರಿಸುತ್ತದೆ. ಖಾಲಿ ಫಿಲ್ಟರಿನ ತೂಕವೂ ಅಷ್ಟೇ. ಹಾಗಾಗಿ ಖಾಲಿ ಇದ್ದಾಗ ಅದು ತೇಲಲು ನೋಡುತ್ತದೆ, ಓಲಾಡುತ್ತದೆ. ಪುಡಿ, ನೀರು ತುಂಬಿದ ಮೇಲೆ ಅರ್ಧ ಕೆಜಿ ದಾಟುತ್ತದೆ, ಅಲುಗದೆ ಕೂರುತ್ತದೆ. ತಳದಲ್ಲಿ ನೀರಿನ ತೂಕ ಇರುವುದರಿಂದ ನೇತಾಡುವ ಕ್ಯಾನ್ ಗಾಳಿಗೂ ಜಾಸ್ತಿ ತೂಗುವುದಿಲ್ಲ.

ಹದಿನೈದು ಇಪ್ಪತ್ತು ನಿಮಿಷದಲ್ಲಿ ಡಿಕಾಕ್ಷನ್ ಇಳಿಯುತ್ತದೆ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ 220ರಲ್ಲಿ ಕೈಗೆ ಬರುವುದು 130, 140 ಮಿ.ಲೀ. ನಾಲ್ಕು ಲೋಟಕ್ಕೆ ಸರಿಯಾಗಿ ಸಾಕು. ಕ್ಯಾನ್ ತೆರೆದಾಗ ಕೆಳಪಾತ್ರೆ ಕೈಗೆ ಚುರುಕ್ ಅನ್ನುವಷ್ಟು ಬಿಸಿ ಇರುತ್ತದೆ. ಬೇರೆ ಕಾಯಿಸುವ ಅಗತ್ಯ ಇಲ್ಲ. ಡಿಕಾಕ್ಷನ್ನನ್ನು ನೇರವಾಗಿ ಒಲೆಯ ಮೇಲೆ ಇಟ್ಟರೆ ಪರಿಮಳ ಹಾರಿಹೋಗಿ ಕಹಿ ಮಾತ್ರ ಉಳಿಯುತ್ತದೆ ಅನ್ನುವುದು ಫಿಲ್ಟರ್ ಇರುವ ಎಲ್ಲ ಮನೆಯವರಿಗೂ ಗೊತ್ತಿರುವ ಮಾತು.

ಬೆಳಗ್ಗೆ ಕಾಯುವ ತಾಳ್ಮೆ ಇಲ್ಲದವರು ರಾತ್ರಿಯೇ ಇಳಿಸಿಡಬಹುದು. ಫ್ಲಾಸ್ಕಿನಲ್ಲಿ ಬಿಸಿಯಾಗಿ ಇಡುವುದಕ್ಕಿಂತ, ತಿರುಪು ಮುಚ್ಚಳದ ಸಣ್ಣ ಸ್ಟೀಲ್ ಬಾಟಲಿಯಲ್ಲಿ ತುಂಬಿ ತಣ್ಣಗೆ ಇಡುವುದು ಮೇಲು. ರಾತ್ರಿಯೆಲ್ಲ ಬಿಸಿಯಲ್ಲಿದ್ದ ಡಿಕಾಕ್ಷನ್ ಬೆಳಗ್ಗೆ ಹುಳಿ ಬೆರೆತ ಕಹಿ ಕೊಡುತ್ತದೆ. ತಣ್ಣನೆಯ ಬಾಟಲಿಯನ್ನು ಅದೇ ಕ್ಯಾನಿನ ಬಿಸಿನೀರಿನಲ್ಲಿ ಐದು ನಿಮಿಷ ಮುಳುಗಿಸಿದರೆ ಮುಗಿಯಿತು.

ಗ್ಯಾಸು, ಗಾಳಿ

ಒಂದು ಲೀಟರ್ ನೀರನ್ನು 25ರಿಂದ 97ಕ್ಕೆ ಏರಿಸಲು 300 ಕಿಲೋಜೂಲ್. ಒಲೆಯ ಬಿಸಿಯಲ್ಲಿ ಅರ್ಧ ಆಚೆಗೆ ಹೋಗುತ್ತದೆ ಅಂದುಕೊಂಡರೆ 600. ಬ್ಯುಟೇನಿನ ಲೆಕ್ಕದಲ್ಲಿ ಅದು ಸುಮಾರು 13 ಗ್ರಾಂ. ನಾಲ್ಕು ಜನದ ಒಂದು ಸುತ್ತು ಕಾಫಿಗೆ ನೀರು, ಹಾಲು ಸೇರಿ ಹೆಚ್ಚುಕಡಿಮೆ ಒಂದು ಲೀಟರ್. ಅಂದರೆ 225 ಗ್ರಾಂ ಡಬ್ಬಿಯಲ್ಲಿ ಸುಮಾರು ಹದಿನೇಳು ಸುತ್ತು ಬರಬೇಕು. ಗಾಳಿ ಇಲ್ಲದಿದ್ದರೆ ಬರುತ್ತದೆ. ಕಡಲ ದಂಡೆಯಲ್ಲಿ ಅರ್ಧವೂ ಬರುವುದಿಲ್ಲ.

ಗಾಳಿಗೆ ಮರೆ ಬೇಕು, ಆದರೆ ಒಲೆಯ ಸುತ್ತ ಪೂರ್ತಿ ಮುಚ್ಚಬಾರದು. ಈ ಒಲೆಗಳಲ್ಲಿ ಗ್ಯಾಸ್ ಡಬ್ಬಿ ಬರ್ನರಿನ ಪಕ್ಕದಲ್ಲೇ ಇರುತ್ತದೆ. ಸುತ್ತ ತಗಡು ಹಿಡಿದರೆ ಅಥವಾ ಡಬ್ಬಿಯ ಮೇಲಕ್ಕೆ ಚಾಚುವಷ್ಟು ದೊಡ್ಡ ಪಾತ್ರೆ ಇಟ್ಟರೆ ಬಿಸಿ ತಿರುಗಿ ಡಬ್ಬಿಗೆ ತಾಗುತ್ತದೆ. ಸಿಡಿಯಬಹುದು. ನಮ್ಮ ಮರೆ ಮಡಚುವ ಎರಡು ಅಲ್ಯೂಮಿನಿಯಂ ಹಲಗೆ. ಗಾಳಿ ಬರುವ ಕಡೆಗೆ ಮಾತ್ರ ನಿಲ್ಲಿಸುತ್ತೇವೆ, ಡಬ್ಬಿಯ ಕಡೆ ಬಯಲು. ವ್ಯಾನಿನ ಒಳಗೆ ಬಾಗಿಲು ಹಾಕಿಕೊಂಡು ಒಲೆ ಹಚ್ಚುವ ಮಾತೇ ಇಲ್ಲ, ಎಷ್ಟೇ ಮಳೆ ಇರಲಿ. ಉರಿಯುವಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಡಬ್ಬಿಯ ಮೇಲೆ 50 ಡಿಗ್ರಿ ಮೀರಬಾರದು ಅಂತ ಬರೆದಿರುತ್ತಾರೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆ ಬಿಸಿಲಿಗೆ ನಿಲ್ಲಿಸಿದ ವ್ಯಾನಿನ ಒಳಗೆ ಅಷ್ಟು ಬಿಸಿ ಸುಲಭವಾಗಿ ಏರುತ್ತದೆ. ಊಟಕ್ಕೆ ಇಳಿದಾಗ ಡಬ್ಬಿ ಚೀಲದಲ್ಲಿ ನಮ್ಮ ಜೊತೆಗೇ ಬರುತ್ತದೆ. ರೈಲಿಗೆ, ವಿಮಾನಕ್ಕೆ ಇದನ್ನು ಒಯ್ಯುವಂತಿಲ್ಲ. ಇನ್ನು ಸೌದೆ ಒಲೆ. ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ, ಬೇಸಿಗೆಯಲ್ಲಿ ಒಂದು ಕಿಡಿಗೆ ಇಡೀ ಗುಡ್ಡದ ಹುಲ್ಲು ಹೋಗುತ್ತದೆ. ಎಸ್ಟೇಟ್ ಮಾಲೀಕರು ತೋರಿಸಿದ ಜಾಗದಲ್ಲಿ ಗ್ಯಾಸ್ ಒಲೆ ಹಚ್ಚುವುದೇ ಮರ್ಯಾದೆ.

ಪುಡಿ, ನೀರು, ಹಾಲು

ಪುಡಿಗೆ ಅಗಲ ಬಾಯಿಯ ಪುಟ್ಟ ಸ್ಟೀಲ್ ಡಬ್ಬಿಗಳು. ಒಂದೊಂದರಲ್ಲಿ 40 ಗ್ರಾಂ, ಅಂದರೆ ಒಂದು ಸುತ್ತಿನ ಅಳತೆ. ಕತ್ತಲಲ್ಲಿ ಚಮಚ ಎಣಿಸುವ ಕೆಲಸ ಇಲ್ಲ. ಒಂದು ಡಬ್ಬಿ ತೆರೆದರೆ ಉಳಿದವಕ್ಕೆ ಗಾಳಿ ತಾಗುವುದಿಲ್ಲ. ಹೊರಡುವ ಹಿಂದಿನ ಸಂಜೆ ಪುಡಿ ಅಂಗಡಿಯಲ್ಲಿ ಬೀಸಿಸಿ ತರುವುದು.

ಚಿಕೋರಿ ಎಷ್ಟು ಅನ್ನುವುದು ಜಗಳದ ವಿಷಯ. ಮಿಶ್ರಣದಲ್ಲಿ ಕನಿಷ್ಠ 51 ಭಾಗ ಕಾಫಿ ಇರಲೇಬೇಕು ಅಂತ ನಿಯಮ, ಅಂದರೆ 49ರವರೆಗೂ ಚಿಕೋರಿ ಹಾಕಬಹುದು. ಮನೆಯಲ್ಲಿ ನಾವು 85ಕ್ಕೆ 15. ಪ್ರವಾಸಕ್ಕೆ 80ಕ್ಕೆ 20 ಮಾಡಿಸುತ್ತೇನೆ. ಚಿಕೋರಿ ನೀರು ಸ್ವಲ್ಪ ತಣ್ಣಗಿದ್ದರೂ ಬಣ್ಣ, ಗಟ್ಟಿತನ ಬಿಡುತ್ತದೆ. ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಇಳಿಸುತ್ತದೆ. ಅದಕ್ಕಿಂತ ಜಾಸ್ತಿಯಾದರೆ ನಾಲಿಗೆಗೆ ಸಿಗುವುದು ಚಿಕೋರಿಯೇ. ದೇಶದ ಕಾಫಿಯಲ್ಲಿ ಸುಮಾರು ಎಪ್ಪತ್ತು ಭಾಗ ಬೆಳೆಯುವ ರಾಜ್ಯದಲ್ಲಿ ಇದ್ದುಕೊಂಡು ಬೇರು ಹುರಿದು ಕುಡಿಯುವುದು ಯಾಕೆ?

ನೀರಿನ ವ್ಯತ್ಯಾಸ ಅಚ್ಚರಿ ಆಗುವಷ್ಟಿದೆ. ಅದೇ ಪುಡಿ, ಅದೇ ಫಿಲ್ಟರ್. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾಫಿ ಮಂಕು, ಮಲೆನಾಡಿನ ಮೆದು ನೀರಿನಲ್ಲಿ ಪರಿಮಳ ಎದ್ದು ಬರುತ್ತದೆ. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಕಾಫಿಯ ಹುಳಿಯನ್ನು ತಿಂದುಹಾಕುತ್ತದೆ. ಬಯಲುಸೀಮೆಗೆ ಹೋಗುವಾಗ ಕ್ಯಾನ್ ನೀರು ಒಯ್ಯುತ್ತೇವೆ, ಚಿಕ್ಕಮಗಳೂರಿನ ಕಡೆಗಾದರೆ ಎಸ್ಟೇಟಿನವರು ಕುಡಿಯುವ ನೀರನ್ನೇ ಕೇಳಿ ಹಿಡಿದು ಕುದಿಸುತ್ತೇವೆ.

ಹಾಲಿಗೆ ನಂದಿನಿ ಗುಡ್‌ಲೈಫ್ ಪ್ಯಾಕೆಟ್. ತೆರೆಯುವವರೆಗೂ ಫ್ರಿಜ್ ಬೇಡ. ತೆರೆದ ಮೇಲೆ ಆ ಹೊತ್ತಿಗೇ ಮುಗಿಸಿಬಿಡಬೇಕು. ಈ ಹಾಲಿಗೆ ಸಣ್ಣದೊಂದು ಕುದಿಸಿದ ವಾಸನೆ ಇರುತ್ತದೆ, ಗಟ್ಟಿ ಡಿಕಾಕ್ಷನ್ ಅದನ್ನು ಮುಚ್ಚುತ್ತದೆ. ಮೊದಲೇ ಕಾಯಿಸಿ ಪ್ಯಾಕ್ ಮಾಡಿದ್ದರಿಂದ ಉಕ್ಕುವವರೆಗೆ ಕಾಯಬೇಕಿಲ್ಲ, ಅಂಚಿನಲ್ಲಿ ಗುಳ್ಳೆ ಕಂಡರೆ ಇಳಿಸಿಬಿಡಿ. ಉಕ್ಕಿದರೆ ಬರ್ನರ್ ತೊಳೆಯಲು ನೀರು ಯಾರು ಕೊಡುತ್ತಾರೆ?

ಲೋಟ, ಡಬರಾ ಮಾತ್ರ ಸ್ಟೀಲಿನವೇ. ಒಂದರೊಳಗೊಂದು ಕೂತರೆ ದಾರಿಯುದ್ದಕ್ಕೂ ಕಿಣಿಕಿಣಿ. ನಡುವೆ ಒಂದೊಂದು ಕರ್ಚೀಫ್ ಹಾಕಿದ ಮೇಲೆ ಸದ್ದು ನಿಂತಿತು, ಒರೆಸಲು ಬಟ್ಟೆಯೂ ಆಯಿತು.

ಓಡಾಡಿಸಿದ ಮೇಲೆ ಬದಲಿಸಿದ್ದು

ಡ್ರಾಯರಿಗೆ ಹಾಕಿದ್ದ 14 ಇಂಚಿನ ಟೆಲಿಸ್ಕೋಪಿಕ್ ಚಾನೆಲ್ ಅಡುಗೆಮನೆಗೆ ಲಾಯಕ್ಕು, ಮಣ್ಣಿನ ರಸ್ತೆಗಲ್ಲ. ಕೆಂಪು ಧೂಳು ಬಾಲ್‌ಬೇರಿಂಗಿಗೆ ಸೇರಿ ಕಿರ್ ಅನ್ನುತ್ತಾ ಅರ್ಧದಲ್ಲೇ ನಿಲ್ಲುತ್ತಿತ್ತು. ಅದನ್ನು ಬಿಚ್ಚಿ, ಎರಡು ಸಾಗುವಾನಿ ಪಟ್ಟಿ ಹಾಕಿ, ಮೇಣದ ಬತ್ತಿ ಉಜ್ಜಿದೆ. ಈಗ ಬೆರಳಲ್ಲಿ ಎಳೆದರೂ ಬರುತ್ತದೆ. ಏರು ರಸ್ತೆಯಲ್ಲಿ ತಾನೇ ಜಾರಿ ಬಾರದಂತೆ ಒಂದು ಟವರ್ ಬೋಲ್ಟ್.

ಬಾಗಿಲಿನ ಸರಪಳಿ ಕೂಡ ಬದಲಾಯಿತು. ಮೊದಲು ತೆಳ್ಳಗಿನದು ಹಾಕಿದ್ದೆ. ಒಲೆ, ಹಾಲಿನ ಪಾತ್ರೆ ಜೊತೆಗೆ ನಮ್ಮ ಭಾವ ಮೊಣಕೈ ಊರಿ ಕತೆ ಹೇಳುವ ಅಭ್ಯಾಸದವರು. ನಾಯಿ ಕಟ್ಟುವ ದಪ್ಪ ಸರಪಳಿ ಹಾಕಿದ ಮೇಲೆ ಅವರು ಎಷ್ಟು ಹೊತ್ತು ಮಾತಾಡಿದರೂ ಚಿಂತೆ ಇಲ್ಲ.

ಒಲೆ ಬಿಟ್ಟು ಒಟ್ಟು ಖರ್ಚು ಮೂರು ಸಾವಿರದ ಒಳಗೆ ಮುಗಿಯಿತು, ಆಚಾರ್ರು ತುಂಡು ಪ್ಲೈವುಡ್ಡಿಗೆ ಜಾಸ್ತಿ ಹಿಡಿಯಲಿಲ್ಲ. ಹೊಸ ಶೀಟ್ ಕೊಂಡು ಮಾಡುವವರು ಇನ್ನೂ ಸ್ವಲ್ಪ ಸೇರಿಸಿಕೊಳ್ಳಿ.

ಮನೆಗೆ ಬಂದ ಮೇಲೆ ತಪ್ಪದೆ ಮಾಡುವ ಕೆಲಸ ಒಂದಿದೆ. ದಾರಿಯಲ್ಲಿ ನೀರಿಗೆ ಬರ ಇದ್ದಾಗ ಫಿಲ್ಟರ್ ಸರಿಯಾಗಿ ತೊಳೆದಿರುವುದಿಲ್ಲ. ಕಾಫಿಯ ಎಣ್ಣೆ, ಸಣ್ಣ ಪುಡಿ ಸೇರಿ ತೂತುಗಳನ್ನು ಕಟ್ಟುತ್ತವೆ. ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಕಂಡ ಕಡೆ ತೂತು ಮುಚ್ಚಿದೆ ಅಂತ ಅರ್ಥ. ಇಕ್ಕಳದಲ್ಲಿ ಹಿಡಿದು ಅದರ ತಳವನ್ನು ಗ್ಯಾಸ್ ಉರಿಯ ಮೇಲೆ ಆಡಿಸಿದರೆ ಕಟ್ಟಿದ್ದೆಲ್ಲ ಸುಟ್ಟು ಉದುರುತ್ತದೆ. ಆರಿದ ಮೇಲೆ ಬ್ರಷ್ ಹಾಕಿ ಉಜ್ಜಿ, ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿ ಪೆಟ್ಟಿಗೆಗೆ ಸೇರಿಸಿ. ಹಿತ್ತಾಳೆ ಫಿಲ್ಟರಿಗೆ ಒಳಗೆ ಕಲಾಯಿ ಇದ್ದರೆ ಈ ಕೆಲಸ ಬೇಡ, ತವರ ಕರಗಿಬಿಡುತ್ತದೆ. ಅದಕ್ಕೆ ಬಿಸಿನೀರು, ಸೂಜಿ, ಸ್ವಲ್ಪ ತಾಳ್ಮೆ.